ರಟ್ಟಿನ ರೊಟ್ಟಿ

ಬಳ್ಳಾರಿಯಲ್ಲಿ ಬಿ.ಇಡಿ. ಓದುವವರ ನಡುವೆ ಒಂದು ಮಾತಿದೆ: ಅಂತಿಮ ಪಾಠಕ್ಕೆ ಕುರುಗೋಡಿನ ಆ ಶಾಲೆ ಸಿಕ್ಕಿತೆಂದರೆ ಪಾಸಾದ ಹಾಗೆಯೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದು. ಓದು ಮುಗಿಸುವ ಹೊತ್ತಿಗೆ ಪ್ರತಿಯೊಬ್ಬರೂ ನಿಜವಾದ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಇಬ್ಬರು ಪರೀಕ್ಷಕರು ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅಂಕ ಕೊಡುತ್ತಾರೆ. ಬೇರೆ ಕಡೆಯ ಮಕ್ಕಳು ಇಂಥ ದಿನ ಆಕಳಿಸುತ್ತಾರೆ, ಪೆನ್ಸಿಲ್ಲಿಗೆ ಜಗಳವಾಡುತ್ತಾರೆ, ಕಿಟಕಿಯಾಚೆ ಹೋಗುವ ಟ್ರ್ಯಾಕ್ಟರಿನ ಹಾಡಿಗೆ ತಲೆಯಾಡಿಸುತ್ತಾರೆ. ಕುರುಗೋಡಿನ ಮಕ್ಕಳು ಹಾಗೆ ಮಾಡುವವರಲ್ಲ. ಎರಡು ಕಾಲೇಜುಗಳ ತಂಡಗಳು ವರ್ಷವರ್ಷವೂ ಬಂದು ಅವರ ಮೇಲೆ ಕೈ ಪಳಗಿಸಿಕೊಂಡು ಹೋಗಿವೆ. ಅಷ್ಟರಲ್ಲಿ ನಿಜವಾಗಿ ಪಳಗಿದವರು ಮಾತ್ರ ಮಕ್ಕಳು.

ಹೇಮಾ ಅಲ್ಲಿಗೆ ಬಂದದ್ದು ಎರಡನೇ ಪ್ರಯತ್ನಕ್ಕೆ. ಮೊದಲನೇ ಸಲ ಬಳ್ಳಾರಿಯ ಒಂದು ಶಾಲೆಯಲ್ಲಿ ಪಾಠ ಅರ್ಧಕ್ಕೆ ಬಂದಾಗ ಒಬ್ಬ ಹುಡುಗಿ ಎದ್ದು ನಿಂತು "ಯಾಕ್ರಿ?" ಎಂದು ಕೇಳಿದ್ದಳು. ಪಾಠಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಹೇಮಾ ಸುಣ್ಣದ ಕಡ್ಡಿ ಹಿಡಿದು ನಿಂತಲ್ಲೇ ನಿಂತಳು. ಗಂಟೆ ಹೊಡೆಯುವವರೆಗೂ ನಿಂತಿದ್ದಳು. ಹಾಗೆ ಫೇಲಾದವರಿಗೆ ಈಗ ಇನ್ನೊಂದು ಅವಕಾಶ. ಇದರಲ್ಲಿ ಪಾಸಾದರೆ ಅವಳ ಊರಾದ ಸಿರುಗುಪ್ಪದಲ್ಲಿ, ಅವಳೇ ಓದಿದ ಶಾಲೆಯಲ್ಲಿ, ಗಣಿತಕ್ಕೆ ಅತಿಥಿ ಶಿಕ್ಷಕಿಯ ಜಾಗ ಕಾದಿತ್ತು. "ಫಲಿತಾಂಶ ಬರೋತನಕ ತಡೀತೀನಿ, ಆಮ್ಯಾಲೆ ನನ್ನ ಕೈಯಾಗಿಲ್ಲ" ಎಂದು ಅಲ್ಲಿನ ಮುಖ್ಯಗುರುಗಳು ಹೇಳಿ ಕಳಿಸಿದ್ದರು. ಪಾಸಾಗದಿದ್ದರೆ ಜಾಗವೂ ಇಲ್ಲ, ಆ ವರ್ಷವೂ ಇಲ್ಲ.

ಅವಳಿಗೆ ಬಂದ ವಿಷಯ ಆರನೇ ತರಗತಿಯ ಗಣಿತ, ಭಿನ್ನರಾಶಿಗಳ ಹೋಲಿಕೆ. ಅವಳು ಉಳಿದುಕೊಂಡಿದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯ ಚಿಗವ್ವ ಸತ್ಯಮ್ಮನ ಮನೆಯಲ್ಲಿ. ಸಗಟು ಅಂಗಡಿಗಳ ಸಾಲಿನ ಹಿಂದೆ ಎರಡು ಕೋಣೆಯ ಮನೆ. ಸತ್ಯಮ್ಮ ಜೀನ್ಸ್ ಹೊಲಿಯುವ ಕಾರ್ಖಾನೆಯಿಂದ ಗಂಟುಗಂಟು ಪ್ಯಾಂಟು ತಂದು, ಹೊಲಿಗೆಯ ಉಳಿಕೆ ದಾರ ಕತ್ತರಿಸಿ ವಾಪಸು ಕಳಿಸುವ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಕೂರುವುದಕ್ಕೆ ಪ್ಯಾಂಟುಗಳನ್ನು ಸರಿಸಬೇಕು, ಮಲಗುವುದಕ್ಕೂ ಸರಿಸಬೇಕು.

ಹೇಮಾ ರಟ್ಟನ್ನು ದುಂಡಗೆ ಕತ್ತರಿಸಿ, ತಿಳಿ ಬಣ್ಣ ಬಳಿದು, ಅಲ್ಲಲ್ಲಿ ಕಂದು ಚುಕ್ಕೆ ಇಡುತ್ತಿದ್ದಳು.

"ಏನವ್ವ ಅದು?" ಎಂದಳು ಸತ್ಯಮ್ಮ, ಕತ್ತರಿ ನಿಲ್ಲಿಸದೆ.

"ಜ್ವಾಳದ ರೊಟ್ಟಿ, ಚಿಗವ್ವ. ಪಾಠಕ್ಕ."

"ಒಲಿ ಮ್ಯಾಲೆ ಖರೇ ರೊಟ್ಟಿ ಇಟ್ಕೊಂಡು ರಟ್ಟಿಂದು ಮಾಡ್ತೀಯಲ್ಲ. ಏಮಿ ಚದುವೋ, ಏನ್ ಓದೋ ನಿಂದು. ಸುಟ್ಟ ಕಲಿ ಭಾಳ ಆತು ನೋಡು, ನಿಮ್ಮವ್ವ ಮಾಡಿದಂಗಽ ಆಗೇತಿ."

ಮರುದಿನ ಮೊದಲ ಅಭ್ಯಾಸ ಪಾಠ. ಮುಖ್ಯಗುರು ಹೊನ್ನೂರಪ್ಪನವರು ಹೇಮಾಳನ್ನು ತಾವೇ ತರಗತಿಗೆ ಕರೆದೊಯ್ದರು. ಮದುವೆ ಮನೆಯಲ್ಲಿ ಬೀಗರನ್ನು ಕರೆದೊಯ್ಯುವ ಗತ್ತು ಅವರದು. "ಹೆದರಬ್ಯಾಡವ್ವ ತಂಗಿ. ನಮ್ಮ ಹುಡುಗ್ರು ನಿನ್ನ ದಾಟಸ್ತಾವು," ಎಂದು ಹೇಳಿ, ಮುಂದಿನ ಬೆಂಚಿನ ಒಬ್ಬ ಹುಡುಗನ ಕಡೆ ನೋಡಿದರು. ಕೂದಲಿಗೆ ಧಾರಾಳವಾಗಿ ಎಣ್ಣೆ ಹಚ್ಚಿದ್ದ ಆ ಹುಡುಗ ಕ್ಲಾಸ್ ಲೀಡರ್ ವಿರೂಪಾಕ್ಷಿ. ಅವನು ಸಣ್ಣಗೆ ತಲೆಯಾಡಿಸಿದ.

ಯೋಜನೆಯ ಪ್ರಕಾರ ಮೊದಲು ಮಕ್ಕಳ ಕುತೂಹಲ ಕೆರಳಿಸುವ ಪ್ರಶ್ನೆ. "ಇವತ್ತು ಮುಂಜಾನೆ ಮನೆಯಲ್ಲಿ ಏನು ತಿಂದಿರಿ?" ಎಂದು ಹೇಮಾ ಕೇಳಿದಳು.

"ರೊಟ್ಟಿ!" ಎಂದಿತು ಇಡೀ ತರಗತಿ.

ಅವರಲ್ಲಿ ಅರ್ಧದಷ್ಟು ಮಕ್ಕಳು ಬಸ್ ನಿಲ್ದಾಣದ ಹೋಟೆಲಿನ ಮಂಡಕ್ಕಿ ಒಗ್ಗರಣೆ ತಿಂದು ಬಂದಿದ್ದರು. ಬೆರಳ ತುದಿಗಳಲ್ಲಿ ಇನ್ನೂ ಅರಿಸಿನದ ಬಣ್ಣ ಇತ್ತು. ಆದರೆ ಒಗ್ಗರಣೆಯಿಂದ ಭಿನ್ನರಾಶಿಗೆ ದಾರಿ ಇಲ್ಲ ಎಂಬುದು ಅವರಿಗೆ ನಾಲ್ಕನೇ ತರಗತಿಯಿಂದಲೇ ಗೊತ್ತಿತ್ತು.

ಅಲ್ಲಿಂದ ಮುಂದೆ ಪಾಠ ಕಾಲುವೆಯ ನೀರಿನಂತೆ ಹರಿಯಿತು. ಹೇಮಾ ರೊಟ್ಟಿಯನ್ನು ಎತ್ತುವ ಮೊದಲೇ ಕಣ್ಣುಗಳು ಅರಳಿದವು. ಅರ್ಧ ಎಂದರೆ ಅರ್ಧ ಎಂದರು, ಕಾಲು ಎಂದರೆ ಕಾಲು. ಮಧ್ಯದಲ್ಲಿ ಒಬ್ಬ ಹುಡುಗಿ ಬೇಕೆಂದೇ ತಪ್ಪು ಹೇಳಿ, ಹೇಮಾ ತಿದ್ದುವುದಕ್ಕೆ ಅನುಕೂಲ ಮಾಡಿಕೊಟ್ಟು, ತಿದ್ದಿದ ಕೂಡಲೇ ಅರ್ಥವಾದವಳಂತೆ "ಓಹ್!" ಎಂದಳು. ಕೊನೆಗೆ ವಿರೂಪಾಕ್ಷಿ ಎದ್ದು, "ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದಾಗುತ್ತದೆ" ಎಂದು ಪುಸ್ತಕದ ಕನ್ನಡದಲ್ಲಿ ಘೋಷಿಸಿದ. ಎಲ್ಲರೂ ಎದ್ದು "ಧನ್ಯವಾದಗಳು ಮೇಡಮ್" ಎಂದು ರಾಗ ಎಳೆದರು. ಹೇಮಾಳಿಗೆ ತಾನು ಹುಟ್ಟಾ ಶಿಕ್ಷಕಿ ಎನ್ನಿಸಿತು. ಈ ಭಾವನೆ ಆ ಶಾಲೆಗೆ ಬಂದ ಎಲ್ಲರಿಗೂ ಮೊದಲ ದಿನ ಬರುವಂಥದ್ದು.

ಸಮಯ ಉಳಿದಿತ್ತು. ಅದೇ ಅವಳ ಅದೃಷ್ಟವೋ ದುರದೃಷ್ಟವೋ. ಸುಮ್ಮನೆ ನಿಲ್ಲಲಾರದೆ ಅವಳು ಹಲಗೆಯ ಮೇಲೆ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಎಂದು ಪಕ್ಕಪಕ್ಕ ಬರೆದು, "ಇವೆರಡರಲ್ಲಿ ಯಾವುದು ದೊಡ್ಡದು?" ಎಂದಳು.

ತರಗತಿ ಒಂದು ಕ್ಷಣ ಗಲಿಬಿಲಿಗೊಂಡಿತು. ಈ ಪ್ರಶ್ನೆ ಹಿಂದೆ ಯಾರೂ ಕೇಳಿರಲಿಲ್ಲ. ರಟ್ಟಿನ ರೊಟ್ಟಿಯಲ್ಲಿ ಯಾವಾಗಲೂ ಅರ್ಧ ಮತ್ತು ಕಾಲು ಮಾತ್ರ. ದುಂಡಗಿನ ರಟ್ಟನ್ನು ಸರಿಯಾಗಿ ಮೂರು ಪಾಲು ಮಾಡುವುದು ಕತ್ತರಿಗೆ ಕಷ್ಟವಾದ್ದರಿಂದ ಯಾವ ಮೇಡಮ್ಮೂ ಯಾವ ಸರ್ರೂ ಆ ಗೋಜಿಗೆ ಹೋಗಿರಲಿಲ್ಲ.

"ನಾಕರಲ್ಲಿ ಒಂದ್ರಿ," ಎಂದ ವಿರೂಪಾಕ್ಷಿ.

"ಯಾಕೋ?"

"ನಾಕು ದೊಡ್ಡದಲ್ಲೇನ್ರಿ, ಮೂರಕ್ಕಿಂತ?"

"ಈಗಷ್ಟೇ ನೀನೇ ಹೇಳಿದೆಯಲ್ಲ, ಛೇದ ದೊಡ್ಡದಾದಷ್ಟೂ..."

"ಅದು ಕಡೀಕ ಹೇಳೋದ್ರಿ, ಮೇಡಮ್," ಎಂದು ವಿರೂಪಾಕ್ಷಿ ತಾಳ್ಮೆಯಿಂದ ವಿವರಿಸಿದ. "ಅದನ್ನ ಹೇಳಿ ಆತು."

ಹೇಮಾ ಬೇರೆಯವರನ್ನು ಕೇಳಿದಳು. ಎಲ್ಲರದೂ ನಾಲ್ಕರ ಪಕ್ಷವೇ. ಹಿಂದಿನ ಬೆಂಚಿನಲ್ಲಿ ಎಣ್ಣೆ ಕಾಣದ ಜಡೆಯ, ಉದ್ದ ಕೈಗಳ ಹುಡುಗಿಯೊಬ್ಬಳು ಹಲಗೆಯನ್ನೇ ನೋಡುತ್ತಿದ್ದಳು. ಹೇಮಾ ಅವಳ ಕಡೆ ಬೆರಳು ಮಾಡಿದ ಕೂಡಲೇ ತರಗತಿಯೆಲ್ಲ ಹಿಂದಕ್ಕೆ ತಿರುಗಿತು.

"ಮೇಡಮ್, ಆಕಿನ್ನ ಕೇಳಬಾರದ್ರಿ," ಎಂದ ವಿರೂಪಾಕ್ಷಿ ದನಿ ತಗ್ಗಿಸಿ. "ಗಾದೆಮ್ಮ ಆಕಿ. ಗುಡಿ ಬ್ಯಾಚ್‌ನಾಕಿ."

ಗುಡಿ ಬ್ಯಾಚು ಎಂದರೇನೆಂದು ತಿಳಿಯಲು ಹೇಮಾ ಊಟದ ಬಿಡುವಿನವರೆಗೆ ಕಾಯಬೇಕಾಯಿತು. ಪರೀಕ್ಷಕರು ಬರುವ ದಿನ, ಉತ್ತರ ಹೇಳಲಾರದ ಮಕ್ಕಳನ್ನು ಆಟದ ಮೇಷ್ಟರ ಜೊತೆ ಬಸವೇಶ್ವರ ಗುಡಿಗೆ ಕಳಿಸಲಾಗುತ್ತಿತ್ತು. ಹಾಜರಿಯಲ್ಲಿ ಅದು ಹೊರಸಂಚಾರ. ಬುದ್ಧಿವಂತ ಮಕ್ಕಳು ಎಂದೂ ನೋಡದ ಆ ಗುಡಿಯ ಮೂಲೆಗಳನ್ನೆಲ್ಲ ಈ ಮಕ್ಕಳು ಬಲ್ಲರು. ಈ ಪದ್ಧತಿಗೆ ಈಗ ಎಷ್ಟು ವಯಸ್ಸಾಗಿತ್ತೆಂದರೆ, ಅದನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ.

ಗಾದೆಮ್ಮ ನಲ್ಲಿಯ ಬಳಿ ತಟ್ಟೆ ತೊಳೆಯುತ್ತಿದ್ದಳು. ಹೇಮಾ ಹತ್ತಿರ ಹೋದಳು.

"ಗುಡಿಯಾಗ ಏನ್ ಮಾಡ್ತೀರವ್ವ?"

"ಕುಂದರ್ತೀವ್ರಿ. ಮದ್ಲ ಕಂಬ ಎಣಿಸ್ತಿದ್ವಿ. ಎಲ್ಲಾ ಎಣಿಸಿ ಮುಗದಾವ್ರಿ."

"ನಿನಗ ಹೋಗಾಕ ಇಷ್ಟ ಏನು?"

ಗಾದೆಮ್ಮ ತಟ್ಟೆಯನ್ನು ಇನ್ನೊಮ್ಮೆ ತೊಳೆದಳು. ಅದು ಆಗಲೇ ಸ್ವಚ್ಛವಾಗಿತ್ತು. "ಪರೀಕ್ಷಾದವ್ರು ಹೆಂಗಿರ್ತಾರ್ರಿ, ಮೇಡಮ್? ಎಲ್ಲಾರೂ ನೋಡ್ಯಾರ. ನಾನೊಬ್ಬಾಕಿ ನೋಡಿಲ್ಲ." ಆಮೇಲೆ ಬೇಗಬೇಗನೆ ಸೇರಿಸಿದಳು: "ನಾ ತಪ್ಪು ಹೇಳಂಗಿಲ್ರಿ. ಬಾಯಿ ಮುಚ್ಕೊಂಡು ಕುಂತಿರ್ತೀನಿ. ಖರೇನಽ."

ಆ ಸಂಜೆ ಬಸ್ಸಿನಲ್ಲಿ ಬಾದನಹಟ್ಟಿ ದಾಟುವವರೆಗೂ ಹೇಮಾ ಗಾದೆಮ್ಮನ ಬಗ್ಗೆ ಯೋಚಿಸಿದಳು, ಅಲ್ಲಿಂದ ಬಳ್ಳಾರಿಯವರೆಗೆ ತನ್ನ ಬಗ್ಗೆ. ಕಾಲೇಜಿನಲ್ಲಿ ಅವಳಿಗೆ ಹೇಳಿಕೊಟ್ಟದ್ದು ಸ್ಪಷ್ಟವಾಗಿಯೇ ಇತ್ತು: ಮಗು ಯಾವ ಹಂತದಲ್ಲಿದೆಯೋ ನೋಡಿಕೊಂಡು ಅಲ್ಲಿಂದ ಪಾಠ ಶುರು ಮಾಡಬೇಕು, ಕೈಗೆ ಸಿಗುವ ವಸ್ತುವಿನಿಂದ ಹೊರಟು ಮನಸ್ಸಿಗೆ ಮಾತ್ರ ಸಿಗುವ ಮಾತಿಗೆ ಬರಬೇಕು. ಇದನ್ನು ಅವಳು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಆದರೆ ಈ ರಟ್ಟಿನ ರೊಟ್ಟಿ ಯಾವ ಜಾತಿಗೆ ಸೇರಿದ್ದು? ಅದು ಕೈಗೆ ಸಿಗುವುದಿಲ್ಲ, ಮೇಡಮ್ಮಿನ ಕೈಯಲ್ಲೇ ಇರುತ್ತದೆ. ಮನಸ್ಸಿಗೂ ಇಳಿಯುವುದಿಲ್ಲ, ಬಾಯಿಗೆ ಬಂದು ನಿಲ್ಲುತ್ತದೆ. ಗುಡಿ ಬ್ಯಾಚಿನವರಿಗೂ ವಿರೂಪಾಕ್ಷಿಗೂ ನಡುವೆ ಇದ್ದ ವ್ಯತ್ಯಾಸ ಒಂದೇ: ಅವನಿಗೆ ಗೊತ್ತಿಲ್ಲದ್ದು ಯಾರಿಗೂ ಕಾಣುತ್ತಿರಲಿಲ್ಲ.

ಮನೆಯಲ್ಲಿ ಸತ್ಯಮ್ಮ ಬಾಗಿಲ ಬಳಿ ಕೂತು ದಾರ ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಕಾರ್ಖಾನೆಯ ಉಳಿಕೆ ಬಟ್ಟೆಯ ಚೀಲ: ನೀಲಿ ಪಟ್ಟಿಗಳು, ಬೆಲ್ಟಿನ ಅಗಲದ್ದು, ಮೊಳದುದ್ದದ್ದು. ಬಿಸಿ ಪಾತ್ರೆ ಹಿಡಿಯುವ ಅರಿವೆಗೂ ಕಾಲೊರಸು ಹೆಣೆಯುವುದಕ್ಕೂ ಅವಳು ಅದನ್ನು ಇಟ್ಟುಕೊಂಡಿದ್ದಳು.

"ಚಿಗವ್ವ, ಇವು ನನಗ ಬೇಕು."

"ಯಾಕ? ರೊಟ್ಟಿ ಹಳಸಿತೇನು?"

"ಹಳಸೇತಿ."

ಹೇಮಾ ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸತೊಡಗಿದಳು. ಒಬ್ಬೊಬ್ಬರಿಗೆ ಎರಡೆರಡು. ಒಂದನ್ನು ಮೂರು ಪಾಲಾಗಿ ಮಡಿಸಬೇಕು, ಇನ್ನೊಂದನ್ನು ನಾಲ್ಕು ಪಾಲಾಗಿ. ಆಮೇಲೆ ಒಂದರ ಮೇಲೊಂದು ಇಟ್ಟು ನೋಡಬೇಕು. ನೋಡುವವರೆಗೆ ಯಾರೂ ಏನೂ ಹೇಳುವ ಹಾಗಿಲ್ಲ. ಹೊಸ ಯೋಜನೆ ಅಷ್ಟೇ. ಅದನ್ನು ಬರೆದಾಗ ಹಳೆಯದರ ಅರ್ಧ ಪುಟವೂ ಆಗಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಸತ್ಯಮ್ಮ ಕತ್ತರಿಯನ್ನು ಅವಳ ಕಡೆ ಸರಿಸಿ, "ನೀ ಈ ಸಲನೂ ಫೇಲಾದ್ರ ನಿಮ್ಮಪ್ಪ ನನ್ನ ಬೈತಾನ, ಬ್ರೂಸ್‌ಪ್ಯಾಟಿ ಗದ್ದಲದಾಗ ಮಗಳು ಓದಲಿಲ್ಲ ಅಂತ. ಅದನ್ನೂ ಒಂದೀಟು ತಲ್ಯಾಗ ಇಟ್ಕಾ," ಎಂದಳು.

ಮುಂದಿನ ಅಭ್ಯಾಸ ಪಾಠಗಳಿಗೆ ಹೇಮಾ ರೊಟ್ಟಿಯನ್ನೇ ತೆಗೆದುಕೊಂಡು ಹೋದಳು. ಪಟ್ಟಿಗಳನ್ನು ತೋರಿಸಲಿಲ್ಲ. ತೋರಿಸಿದರೆ ಅಂತಿಮ ಪಾಠದ ಹೊತ್ತಿಗೆ ಅದಕ್ಕೂ ಒಂದು "ಓಹ್!" ಸಿದ್ಧವಾಗುತ್ತದೆ ಎಂದು ಅವಳಿಗೆ ಅರ್ಥವಾಗಿತ್ತು. ಪರೀಕ್ಷೆಯ ಹಿಂದಿನ ದಿನ ಹೊನ್ನೂರಪ್ಪನವರ ಕೋಣೆಗೆ ಹೋಗಿ, ನಾಳೆ ಯಾರನ್ನೂ ಗುಡಿಗೆ ಕಳಿಸಬೇಡಿ ಎಂದು ಕೇಳಿಕೊಂಡಳು.

ಹೊನ್ನೂರಪ್ಪನವರು ಕನ್ನಡಕ ತೆಗೆದರು. "ಯಾರನ್ನೂ?"

"ಯಾರನ್ನೂ ಬ್ಯಾಡ್ರಿ, ಸರ್. ಪಾಠ ಅವರ ಸಲುವಾಗೇ ಮಾಡೀನಿ."

"ನೋಡವ್ವ ತಂಗಿ. ನಾನು ಇದನ್ನ ನನ್ನ ಸಲುವಾಗಿ ಮಾಡಾಕತ್ತಿಲ್ಲ." ಅವರ ದನಿಯಲ್ಲಿ ನಿಜವಾದ ನೋವಿತ್ತು. "ನಾ ಟ್ರೈನಿಂಗ್ ಮಾಡೋ ಮುಂದ ಒಂದು ಹುಡುಗ ಕೇಳಿದ್ದಕ್ಕೆಲ್ಲಾ ಗೊತ್ತಿಲ್ಲ, ಗೊತ್ತಿಲ್ಲ ಅಂದ. ಪರೀಕ್ಷಾದವ್ರು ನಕ್ರು. ಆ ನಗಿ ಇನ್ನೂ ನನ್ನ ಕಿವ್ಯಾಗೈತಿ. ನಮ್ಮ ಸಾಲಿಗೆ ಬಂದವ್ರು ಯಾರೂ ಅತ್ಕೊಂತ ಹೋಗಬಾರ್ದು ಅಂತ ನಾ ಹರಕಿ ಹೊತ್ತಂಗ ನಡಕೊಂಡು ಬಂದೀನಿ. ಮತ್ತ ಆ ಗಾದೆಮ್ಮ! ಎಲ್ಲಾರ ಮುಂದ ಬಾಯಿ ಬಿಡಲಾರದಽ ನಿಂದ್ರೋದಕ್ಕಿಂತ ಬಸವಣ್ಣನ ಮುಂದ ಕುಂತ್ರ ಪುಣ್ಯನಾರ ಬರ್ತೈತಿ ಆಕಿಗೆ."

"ಆಕಿಗೆ ಪುಣ್ಯ ಸಾಕಾಗೇತ್ರಿ, ಸರ್."

ಹೊನ್ನೂರಪ್ಪನವರು ಅವಳನ್ನು ದಿಟ್ಟಿಸಿದರು. "ಫೇಲಾದ್ರ? ಸಿರುಗುಪ್ಪಿ ಜಾಗ?"

"ಪಟ್ಟಿ ಎಲ್ಲಾರಿಗೂ ಕತ್ತರಿಸಿಬಿಟ್ಟೀನ್ರಿ," ಎಂದಳು ಹೇಮಾ. ಅದೊಂದು ವಾದವೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

"ಹಂಗಾದ್ರ ಒಂದ್ ಕೆಲಸ ಮಾಡ್ತೀನಿ," ಎಂದು ಹೊನ್ನೂರಪ್ಪನವರು ಕನ್ನಡಕ ಮತ್ತೆ ಏರಿಸಿದರು. "ಅವ್ರೆಲ್ಲಾ ಇಲ್ಲಿರ್ಲಿ. ನಾನಽ ಗುಡಿಗಿ ಹೋಗ್ತೀನಿ. ಅದನ್ನ ನೋಡಾಕ ನನ್ನ ಕೈಲಾಗಂಗಿಲ್ಲ."

ಹಾಗೆಯೇ ಮಾಡಿದರು. ಮರುದಿನ ಪರೀಕ್ಷಕರಿಬ್ಬರನ್ನು ಕೂರಿಸಿ, ಚಹಾ ಕುಡಿಸಿ, ತಹಶೀಲ್ದಾರ್ ಕಚೇರಿಗೆ ಹೋಗಿ ಬರುವುದಾಗಿ ಹೇಳಿ ಗುಡಿಯ ಹಾದಿ ಹಿಡಿದರು.

ಪರೀಕ್ಷಕರಲ್ಲಿ ಒಬ್ಬರು ಹೇಮಾಳ ಕಾಲೇಜಿನ ಉಪನ್ಯಾಸಕಿ ನೀಲಾವತಿ. ಇನ್ನೊಬ್ಬರು ಹೊರಗಿನ ಕಾಲೇಜಿನ ಭೀಮರಾಜ ಸರ್, ದಪ್ಪ ಮೀಸೆಯ ಮನುಷ್ಯ. ಹಲವು ವರ್ಷಗಳಿಂದ ಆ ಶಾಲೆಗೆ ಬರುತ್ತಿದ್ದವರು. ಅವರು ಕುರ್ಚಿಯಲ್ಲಿ ಕೂತ ಭಂಗಿಯಲ್ಲೇ ಮುಂದೇನಾಗುತ್ತದೆಂದು ಗೊತ್ತಿರುವವರ ಆರಾಮ ಇತ್ತು. ಹಿಂದಿನ ಬೆಂಚಿನಿಂದ ಗಾದೆಮ್ಮ ಕತ್ತು ತಿರುಗಿಸಿ ಅವರಿಬ್ಬರನ್ನು ಮನಸಾರೆ ನೋಡಿದಳು. ಸ್ವಲ್ಪ ನಿರಾಶೆಯಾದಂತೆ ಕಂಡಿತು.

ಹೇಮಾ ಮಾತಿಲ್ಲದೆ ಎಲ್ಲರಿಗೂ ನೀಲಿ ಪಟ್ಟಿಗಳನ್ನು ಹಂಚಿದಳು. ತರಗತಿಯಲ್ಲಿ ಕಳವಳ ಹಬ್ಬಿತು. ಮುಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಪಾಪ, ಮೇಡಮ್ಮಿಗೆ ಪಾಠ ಮರೆತುಹೋಗಿದೆ.

"ಇವತ್ತು ನಾವು..." ಎಂದು ಹೇಮಾ ಬಾಯಿ ತೆರೆದಳು.

"ರೊಟ್ಟಿ ತಿಂದೀವ್ರಿ!" ಎಂದು ಒಬ್ಬಳು ಕೂಗಿದಳು, ಕೇಳದಿದ್ದರೂ.

"ಅದಿರಲಿ. ಈ ಪಟ್ಟಿಯನ್ನ..."

"ಭಿನ್ನರಾಶಿ, ಮೇಡಮ್!" ಎಂದ ಇನ್ನೊಬ್ಬ.

ವಿರೂಪಾಕ್ಷಿ ಮುಂದಕ್ಕೆ ಬಾಗಿ, ತುಟಿ ಅಲುಗಿಸದೆ, "ಮೇಡಮ್, ರೊಟ್ಟಿ ಚೀಲದಾಗೈತೇನ್ರಿ? ತಗೀರಿ," ಎಂದ. ಹೇಮಾ ತೆಗೆಯದಿದ್ದಾಗ ಅವನು ಕೊನೆಯ ಅಸ್ತ್ರ ಬಿಟ್ಟ. ಎದ್ದು ನಿಂತು, ಎದೆ ಉಬ್ಬಿಸಿ, "ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದಾಗುತ್ತದೆ!" ಎಂದು ಪಾಠದ ಕೊನೆಯನ್ನು ಮೊದಲೇ ಘೋಷಿಸಿಬಿಟ್ಟ.

ಭೀಮರಾಜ ಸರ್ ಮೀಸೆಯ ಮೇಲೆ ಕೈಯಿಟ್ಟುಕೊಂಡರು.

ಇಷ್ಟು ಪ್ರೀತಿಯಿಂದ ಯಾರೂ ಹೇಮಾಳ ದಾರಿಗೆ ಅಡ್ಡ ನಿಂತಿರಲಿಲ್ಲ. "ವಿರೂಪಾಕ್ಷಿ," ಎಂದಳು, "ಬಹಳ ಚೆನ್ನಾಗಿ ಹೇಳಿದೆ. ಈಗ ಅದು ಹೌದೋ ಅಲ್ಲವೋ ನೋಡೋಣ. ಎಲ್ಲರೂ ಒಂದು ಪಟ್ಟಿಯನ್ನ ಮೂರು ಪಾಲು ಮಾಡಿ ಮಡಿಸಿ. ಇನ್ನೊಂದನ್ನ ನಾಲ್ಕು."

ನಾಲ್ಕು ಸುಲಭ. ಅರ್ಧಕ್ಕೆ ಮಡಿಸಿ ಮತ್ತೆ ಅರ್ಧಕ್ಕೆ ಮಡಿಸಿದರಾಯಿತು. ಮೂರು ಹಾಗಲ್ಲ. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೂ ಹುಬ್ಬುಗಳು ಗಂಟಿಕ್ಕಿದವು, ನಾಲಿಗೆಗಳು ಹೊರಬಂದವು. ಗಟ್ಟಿ ಬಟ್ಟೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಮೊದಲ ಬಾರಿಗೆ ಆ ತರಗತಿಯಲ್ಲಿ ಗದ್ದಲವಾಯಿತು. "ಲೇ, ನಂದು ಜಗ್ಗಬ್ಯಾಡಲೇ!" ಎಂದು ಯಾರೋ ಕೂಗಿದರು. ನೀಲಾವತಿ ಮೇಡಮ್ ಗಡಿಯಾರ ನೋಡಿ ಏನೋ ಬರೆದುಕೊಂಡರು.

ಗಾದೆಮ್ಮ ಎಲ್ಲರಿಗಿಂತ ನಿಧಾನ. ತನ್ನ ಉದ್ದ ಬೆರಳುಗಳಿಂದ ಪಟ್ಟಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ಎರಡನ್ನೂ ಒಂದರ ಮೇಲೊಂದು ಇಟ್ಟಳು. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡೇ ಇದ್ದಳು. ಹೇಮಾ ಅವಳ ಬಳಿ ಹೋಗಿ ನಿಂತಳು.

"ಯಾವುದು ದೊಡ್ಡದೈತಿ, ಗಾದೆಮ್ಮ?"

ಗಾದೆಮ್ಮ ಪರೀಕ್ಷಕರ ಕಡೆ ಒಮ್ಮೆ, ಹೇಮಾಳ ಕಡೆ ಒಮ್ಮೆ ನೋಡಿದಳು. "ಹೇಳ್ಲೇನ್ರಿ?"

"ಹೇಳು."

"ನಾಕು ಮಾಡಿದ್ದು ದೊಡ್ಡದೈತ್ರಿ."

"ನಾ ಅವತ್ತಽ ಹೇಳಿದ್ದೆ!" ಎಂದ ವಿರೂಪಾಕ್ಷಿ ಗೆಲುವಿನಿಂದ.

ಅವಳ ಪಟ್ಟಿಯಲ್ಲಿ ಅದು ನಿಜವೇ ಆಗಿತ್ತು. ಮೂರು ಪಾಲು ಮಾಡುವಾಗ ಒಂದು ಪಾಲು ಗಿಡ್ಡ, ಒಂದು ಉದ್ದ ಆಗಿ, ಮೇಲೆ ಬಂದದ್ದು ಗಿಡ್ಡ ಪಾಲು. ಇದು ಪಾಠಯೋಜನೆಯಲ್ಲಿ ಇರಲಿಲ್ಲ. ಹೇಮಾಳಿಗೆ ಬಳ್ಳಾರಿಯ ಆ ತರಗತಿ, ಕೈಯಲ್ಲಿದ್ದ ಸುಣ್ಣದ ಕಡ್ಡಿ, ಎಲ್ಲ ನೆನಪಾಯಿತು. ತಾನೇ ಮಡಿಸಿ ತೋರಿಸಿ, "ಹೀಗೆ" ಎಂದು ಹೇಳಿ, ಸಾರಾಂಶ, ಮೌಲ್ಯಮಾಪನ, ಮನೆಗೆಲಸಕ್ಕೆ ಹೋಗುವಷ್ಟು ಸಮಯ ಇನ್ನೂ ಇತ್ತು. ಆ ಮೂರಕ್ಕೂ ಬೇರೆಬೇರೆ ಅಂಕಗಳಿದ್ದವು. ಅವಳು ಬಗ್ಗಿ ಗಾದೆಮ್ಮನ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತಳು.

"ಬಿಚ್ಚಿ ನೋಡು," ಎಂದಳು. "ಇವು ಮೂರು ಪಾಲು ಮೂರು ಮಂದಿಗೆ ಕೊಟ್ಟರೆ ಜಗಳ ಆಗ್ತೈತೋ ಇಲ್ಲೋ?"

ಗಾದೆಮ್ಮ ಬಿಚ್ಚಿದಳು. ಮಡಿಕೆಯ ಗೆರೆಗಳನ್ನು ಬೆರಳಿನಿಂದ ಮುಟ್ಟಿದಳು. ಬಹಳ ಹೊತ್ತು ನೋಡಿದಳು. ತರಗತಿಯಲ್ಲಿ ಯಾರೂ ಯಾವ ಉತ್ತರವನ್ನೂ ಕೂಗಲಿಲ್ಲ, ಯಾಕೆಂದರೆ ಯಾರ ಹತ್ತಿರವೂ ಇರಲಿಲ್ಲ. ನೀಲಾವತಿ ಮೇಡಮ್ ಮತ್ತೆ ಗಡಿಯಾರ ನೋಡಿದರು.

"ಜಗಳಾಗ್ತೈತ್ರಿ," ಎಂದಳು ಗಾದೆಮ್ಮ. "ಸಮ ಆಗಿಲ್ಲ. ಮತ್ತೊಮ್ಮಿ ಮಡಸ್ಲೇನ್ರಿ?"

"ಮಡಸು."

ಅವಳು ಮಡಿಸುತ್ತಿರುವಾಗಲೇ ಗಂಟೆ ಹೊಡೆಯಿತು. ಎಲ್ಲರೂ ಎದ್ದು "ಧನ್ಯವಾದಗಳು ಮೇಡಮ್" ಎಂದು ರಾಗ ಎಳೆಯುವ ಹೊತ್ತು ಅದು. ರಾಗ ಶುರು ಮಾಡಬೇಕಾದವನು ವಿರೂಪಾಕ್ಷಿ. ಅವನು ಕೇಳಿಸಿಕೊಳ್ಳಲಿಲ್ಲ. ತನ್ನ ಪಟ್ಟಿಯನ್ನು ಬಿಚ್ಚಿ, ತಾನು ಮಾಡಿದ ಪಾಲುಗಳೂ ಸಮ ಇಲ್ಲದ್ದನ್ನು ನೋಡಿ, ಮೋಸ ಹೋದವನಂತೆ ಕೂತಿದ್ದ.

"ಈಗ ಸಮ ಆತ್ರಿ," ಎಂದಳು ಗಾದೆಮ್ಮ. ನಾಲ್ಕರ ಮಡಿಕೆಯ ಮೇಲೆ ಮೂರರ ಮಡಿಕೆಯನ್ನು ಇಟ್ಟಳು. ಕೆಳಗಿನದು ಕಾಣಲಿಲ್ಲ. "ಅಯ್ಯ! ಮೂರು ಮಾಡಿದ್ದಽ ದೊಡ್ಡದೈತ್ರಿ."

ವಿರೂಪಾಕ್ಷಿ ಎದ್ದು ಬಂದು ಅವಳ ಬೆಂಚಿನ ಬಳಿ ನಿಂತ. ಅವನು ಹಿಂದಿನ ಬೆಂಚಿಗೆ ಬಂದದ್ದು ಅದೇ ಮೊದಲು. "ಮತ್ತ ನಾಕು ದೊಡ್ಡದಲ್ಲೇನು?"

"ನಾಕು ದೊಡ್ಡದಽ. ತುಂಡು ಸಣ್ಣದು," ಎಂದಳು ಗಾದೆಮ್ಮ. "ಮಂದಿ ಹೆಚ್ಚಾದ್ರ ಒಬ್ಬೊಬ್ರಿಗೆ ಕಡಿಮಿ ಬರ್ತೈತಲ್ಲಲೇ."

ವಿರೂಪಾಕ್ಷಿ ಏನೋ ಹೇಳಲು ಹೋಗಿ, ನಿಲ್ಲಿಸಿ, ಇಷ್ಟು ವರ್ಷ ತಾನು ಹೇಳಿಕೊಂಡು ಬಂದ ವಾಕ್ಯವನ್ನು ತುಟಿಯೊಳಗೇ ಒಮ್ಮೆ ನಿಧಾನವಾಗಿ ಹೇಳಿಕೊಂಡ. ಛೇದ ದೊಡ್ಡದಾದಷ್ಟೂ. ಆಮೇಲೆ ಅವನ ಬಾಯಿಂದ ಒಂದು "ಓಹ್" ಬಂತು. ಸಣ್ಣದಾಗಿ, ಯಾರಿಗೂ ಕೇಳಿಸಲೆಂದು ಅಲ್ಲ.

ಮಕ್ಕಳು ಹೊರಗೆ ಹೋಗತೊಡಗಿದಾಗ ಭೀಮರಾಜ ಸರ್ ಗಾದೆಮ್ಮನನ್ನು ಕರೆದರು. "ನಿನ್ನ ನಾನು ಇಲ್ಲಿ ಒಮ್ಮೆನೂ ನೋಡಿಲ್ಲಲ್ಲವ್ವ. ಹೊಸದಾಗಿ ಸೇರಿಯೇನು?"

"ಇಲ್ರಿ ಸರ್. ಒಂದನೇತ್ತಿಯಿಂದ ಅದೀನಿ. ನೀವು ಬಂದಾಗ ಗುಡಿಯಾಗಿರ್ತಿದ್ದೆ."

ನೀಲಾವತಿ ಮೇಡಮ್ಮಿಗೆ ಅರ್ಥವಾಗಲಿಲ್ಲ. ಭೀಮರಾಜ ಸರ್ ಒಂದು ಕ್ಷಣ ಅವಳನ್ನೇ ನೋಡಿ, ಕತ್ತು ತಿರುಗಿಸಿ ಖಾಲಿ ಬೆಂಚುಗಳನ್ನು ನೋಡಿದರು. ಎಷ್ಟೋ ವರ್ಷಗಳ ಪೂರ್ಣ ಅಂಕಗಳು ಅವರ ಕಣ್ಣ ಮುಂದೆ ಹಾದುಹೋದಂತಿತ್ತು. ಆಮೇಲೆ ಹೇಮಾಳ ಕಡೆ ತಿರುಗಿ ಕೆಮ್ಮಿದರು.

"ಸಾರಾಂಶ ಇಲ್ಲ. ಮೌಲ್ಯಮಾಪನ ಇಲ್ಲ. ಮನಿಗೆಲಸ ಇಲ್ಲ. ತರಗತಿ ಗದ್ದಲ. ಪಾಠ ಮುಗಿದಿಲ್ಲ. ಇವಕ್ಕೆ ನಾ ಸೊನ್ನಿ ಹಾಕಲೇಬೇಕವ್ವ, ಕಾಲಂ ಹಂಗೈತಿ."

"ಹಾಕ್ರಿ, ಸರ್," ಎಂದಳು ಹೇಮಾ. ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ.

"ಆ ರೊಟ್ಟಿ ನಾನು ಭಾಳ ವರ್ಷದಿಂದ ನೋಡಾಕತ್ತೀನಿ," ಎಂದರು ಅವರು, ಕಾಗದಗಳನ್ನು ಜೋಡಿಸುತ್ತ. "ಒಂದ್ ಸಲನಾರ ಹಸಿವಿ ಆಗೇತೇನು? ಇಲ್ಲ. ಉಳಿದ ಕಾಲಂ ನೋಡೋಣು, ತಡಿ."

ಹೊನ್ನೂರಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು ಗೇಟಿನ ಹೊರಗೇ ನಿಂತಿದ್ದರು. ಹೇಮಾ ಹೊರಬಂದಾಗ ಅವಳ ಮುಖವನ್ನು ಹುಡುಕಿದರು. "ಅತ್ತಿಯೇನವ್ವ?"

"ಇಲ್ರಿ, ಸರ್."

"ಅವ್ರು ನಕ್ರೇನು?"

"ಭೀಮರಾಜ ಸರ್ ಮೀಸಿ ಮುಚ್ಕೊಂಡಿದ್ರು. ಗೊತ್ತಾಗಲಿಲ್ಲ."

ಫಲಿತಾಂಶ ಬಂದಾಗ ಹೇಮಾ ಪಾಸಾಗಿದ್ದಳು. ಆ ಶಾಲೆಯಿಂದ ಪಾಸಾದವರಲ್ಲಿ ಅಷ್ಟು ಕಡಿಮೆ ಅಂಕ ಯಾರಿಗೂ ಬಂದಿರಲಿಲ್ಲ. ಪಾಸಾಗಲು ಎಷ್ಟು ಬೇಕೋ ಅಷ್ಟಿತ್ತು, ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಸತ್ಯಮ್ಮ ಖರೇ ರೊಟ್ಟಿ ಮಾಡಿ, ಮೇಲೆ ಬೆಣ್ಣೆ ಇಟ್ಟು, "ಪೂರಾ ತಿನ್ನು, ತುಂಡು ಮಾಡಬ್ಯಾಡ," ಎಂದಳು. ಶ್ರಾವಣ ಮುಗಿಯುವ ಮೊದಲು ಹೇಮಾ ಸಿರುಗುಪ್ಪದ ಶಾಲೆ ಸೇರಿದಳು.

ದಸರಾ ರಜೆ ಮುಗಿದ ಮೇಲೆ ಒಂದು ಸಂಜೆ ಅವಳು ಮನೆಯ ಕಟ್ಟೆಯ ಮೇಲೆ ಕೂತು ಮರುದಿನದ ಪಾಠಕ್ಕೆ ಪಟ್ಟಿ ಕತ್ತರಿಸುತ್ತಿದ್ದಾಗ ಹೊನ್ನೂರಪ್ಪನವರ ಫೋನು ಬಂತು. ದನಿಯಲ್ಲಿ ಅಸಮಾಧಾನ.

"ಏನವ್ವ ತಂಗಿ, ನಿಮ್ಮ ಗಾದೆಮ್ಮ ಇವತ್ತ ನನ್ನ ಮರ್ಯಾದಿ ತಗದ್ಲು."

ವಿಷಯ ಇಷ್ಟು. ಇನ್ನೊಂದು ಕಾಲೇಜಿನ ತಂಡ ಬಂದಿತ್ತು. ಭೀಮರಾಜ ಸರ್ರಿಗೆ ಹೇಮಾಳ ಪಾಠ ಹಿಡಿಸಿತ್ತೆಂದು ಹೊನ್ನೂರಪ್ಪನವರ ಕಿವಿಗೂ ಬಿದ್ದಿತ್ತು. ಅವರು ತಡಮಾಡದೆ ಮಕ್ಕಳಿಂದಲೇ ಆ ದಿನದ ಕತೆ ಹೇಳಿಸಿಕೊಂಡರು. ರಟ್ಟಿನ ರೊಟ್ಟಿಯನ್ನು ಕಪಾಟಿನ ಮೇಲಕ್ಕೆ ಎಸೆದು, ಬಳ್ಳಾರಿಯಿಂದ ನೀಲಿ ಬಟ್ಟೆ ತರಿಸಿ, ಪಟ್ಟಿ ಕತ್ತರಿಸಿ, ತರಗತಿಗೆ ಹೊಸ ಪಾಠ ಕಲಿಸಿದ್ದರು. ಗುಡಿ ಬ್ಯಾಚು ಈಗ ಇರಲಿಲ್ಲ; ಎಲ್ಲರಿಗೂ ಒಂದೊಂದು ಕೆಲಸ ಇತ್ತು. ಗಾದೆಮ್ಮ ಮೊದಲು ತಪ್ಪಾಗಿ ಮಡಿಸಬೇಕು. "ಸಮ ಆಗಿಲ್ಲ" ಎನ್ನಬೇಕು. ಆಮೇಲೆ ಸರಿಯಾಗಿ ಮಡಿಸಬೇಕು. ವಿರೂಪಾಕ್ಷಿ ಎದ್ದು ಬಂದು "ಓಹ್" ಎನ್ನಬೇಕು.

ಹೇಮಾ ಕತ್ತರಿ ಕೆಳಗಿಟ್ಟಳು. "ಆಮ್ಯಾಲೇನಾತ್ರಿ, ಸರ್?"

"ಆಗೋದೇನು! ಪರೀಕ್ಷಾದವ್ರು ಕುಂತಾರ. ಮೇಡಮ್ಮು ಕಾಯಾಕತ್ತಾಳ. ಈಕಿ ಮೊದಲ್ನೇ ಸಲಕ್ಕ ಮೂರು ಪಾಲು ಸಮಸಮ ಮಡಿಸಿ ಇಟ್ಲು. ನಾ ಕಿಟಕ್ಯಾಗ ನಿಂತು ಸನ್ನಿ ಮಾಡ್ತೀನಿ, ತಪ್ಪು ಮಡಸವ್ವ, ತಪ್ಪು ಮಡಸು ಅಂತ. ಮತ್ತೊಮ್ಮಿ ಬಿಚ್ಚಿ ಮಡಿಸಿದ್ಲು. ಮತ್ತ ಸಮ! ಆಮ್ಯಾಲೆ ಎಲ್ಲಾರ ಮುಂದ ಎದ್ದು ನಿಂತು ಹೇಳ್ತಾಳವ್ವ..."

ಹೊನ್ನೂರಪ್ಪನವರು ಅಲ್ಲಿಗೆ ನಿಲ್ಲಿಸಿದರು. ಅವರು ಸಿಟ್ಟಿನಿಂದ ನಿಲ್ಲಿಸಿದರೋ, ನಗು ಬಂದು ನಿಲ್ಲಿಸಿದರೋ, ಫೋನಿನಲ್ಲಿ ತಿಳಿಯುವಂತಿರಲಿಲ್ಲ.

"ಏನಂದ್ಲ್ರಿ?"

"'ನನಗ ಈಗ ತಪ್ಪು ಮಡಸಾಕ ಬರವಲ್ದು, ಸರ್' ಅಂದ್ಲು."